ಚುಕ್ಕೆ ಈಗಿನದಾ, ಆಗಿನದಾ?

ಗಾಡಿ ಎಲ್ಲಿದೆ ಅಂತ ಫೋನಿಗೆ ತಿಳಿಸುವ ಪೆಟ್ಟಿಗೆ, ಅಂದರೆ ಟ್ರ್ಯಾಕರ್, ಗಾಡಿಗಳಿಗೆ ಕೂರಿಸುವುದು ನನ್ನ ಕಸುಬು. ಕಳವಾದ ಗಾಡಿ ಹುಡುಕುವಾಗ ಪೊಲೀಸರ ಪಕ್ಕ ಕೂತು, ಫೋನಿನ ನಕ್ಷೆಯಲ್ಲಿ ಗಾಡಿಯ ಜಾಗ ತೋರಿಸುವ ಚುಕ್ಕೆ ನೋಡಿದ್ದೂ ಉಂಟು. ಪೊಲೀಸರಿಗೆ ಕೆಲಸಕ್ಕೆ ಬರುವ ಹಾಗೆ ಟ್ರ್ಯಾಕರ್ ಇಟ್ಟುಕೊಳ್ಳುವುದು ಹೇಗೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಜಾಗ. ಸ್ಟಿಯರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಮೆಕ್ಯಾನಿಕ್ ಗಾಡಿಯ ದೋಷ ನೋಡಲು ಯಂತ್ರ ಜೋಡಿಸುವ ಕಿಂಡಿ) ಚುಚ್ಚುವ ಟ್ರ್ಯಾಕರ್ ಹಾಕಿಸಬೇಡಿ. ಕಳ್ಳ ಕೈ ಹಾಕಿ ನೋಡುವ ಮೊದಲ ಜಾಗವೇ ಅದು. ಟ್ರ್ಯಾಕರ್ ತನ್ನ ಜಾಗ ತಿಳಿಯಲು ನಂಬುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಬರುವ ಸಿಗ್ನಲ್ ತೀರಾ ಕ್ಷೀಣ. ಪ್ಲಾಸ್ಟಿಕ್ಕನ್ನು ದಾಟುತ್ತದೆ, ತಗಡನ್ನು ದಾಟುವುದಿಲ್ಲ. ನಾನು ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಒಳಗೆ, ಮುಂದಿನ ಗಾಜಿನ ಕೆಳಗೆ, ಆಂಟೆನಾ ಮೇಲ್ಮುಖವಾಗಿ ಇರುವ ಹಾಗೆ ಇಡುತ್ತೇನೆ. ವಯರುಗಳಿಗೆ ಕಂಪನಿ ವಯರಿಂಗಿಗೆ ಸುತ್ತಿರುವಂಥದ್ದೇ ಬಟ್ಟೆ ಟೇಪು ಸುತ್ತುತ್ತೇನೆ. ಹೊಳೆಯುವ ಹೊಸ ಟೇಪು ಕಂಡರೆ ಬಲ್ಲವನ ಕಣ್ಣು ಅಲ್ಲೇ ನಿಲ್ಲುತ್ತದೆ.

ಕರೆಂಟನ್ನು ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ಇಗ್ನಿಷನ್ ಲೈನಿನಿಂದ ತೆಗೆಯದೆ ಬ್ಯಾಟರಿಯ ಖಾಯಂ ಲೈನಿನಿಂದಲೇ ತೆಗೆಸಿ. ಟ್ರ್ಯಾಕರಿನ ಒಳಗೇ ಒಂದು ಸಣ್ಣ ಬ್ಯಾಟರಿ ಇರಲೇಬೇಕು. ಕೂರಿಸಿ ಆದ ಮೇಲೆ ಬಾನೆಟ್ ಎತ್ತಿ, ನಿಮ್ಮ ಎದುರಿಗೇ ಬ್ಯಾಟರಿ ಟರ್ಮಿನಲ್ ಬಿಚ್ಚಲು ಹೇಳಿ. ಫೋನಿಗೆ ಎಚ್ಚರಿಕೆ ಬರದಿದ್ದರೆ ದುಡ್ಡು ಕೊಡಬೇಡಿ, ನನಗೂ ಅಷ್ಟೇ.

ಟ್ರ್ಯಾಕರ್ ಫೋನಿಗೆ ಜಾಗ ಕಳಿಸುವುದು ಒಳಗಿನ ಮೊಬೈಲ್ ಸಿಮ್ಮಿನ ಮೂಲಕ. ಆ ಸಿಮ್ ರೀಚಾರ್ಜಿನ ಮಾತು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಒಬ್ಬರ ಕಾರು ಹೋದ ದಿನ ಆ್ಯಪ್ ತೆರೆದರೆ, ಚುಕ್ಕೆ ಅವರ ಮನೆ ಮುಂದೆಯೇ ಕೂತಿತ್ತು. ಸಿಮ್ಮಿನ ಅವಧಿ ಮುಗಿದು ಮೂರು ವಾರವಾಗಿತ್ತು. ನಕ್ಷೆಯಲ್ಲಿ ಗಾಡಿ ಇದೆ, ಬಾಗಿಲು ತೆರೆದರೆ ಇಲ್ಲ. ನೆನಪಿಸಬೇಕಾದವನು ನಾನೇ ಮರೆತಿದ್ದೆ.

ಈಗ ಗಾಡಿ ಹೋಯಿತು ಅಂದುಕೊಳ್ಳಿ. ಮನೆಯವರು ಯಾರಾದರೂ ಒಯ್ದರಾ, ಟೋಯಿಂಗ್‌ನವರು ಎತ್ತಿದರಾ ಅಂತ ಒಂದು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ನೇರ ಪೊಲೀಸರಿಗೆ. ಚುಕ್ಕೆ ಹಿಡಿದುಕೊಂಡು ನೀವೇ ಹೋಗಬೇಡಿ. ಆ ಚುಕ್ಕೆಯ ಹತ್ತಿರ ಎಷ್ಟು ಜನ ಇದ್ದಾರೆ ಅಂತ ಆ್ಯಪ್ ತೋರಿಸುವುದಿಲ್ಲ. ನೋಂದಣಿ ಸಂಖ್ಯೆಯ ಜೊತೆ 17 ಅಕ್ಷರದ ಚಾಸಿ ನಂಬರನ್ನೂ ಕೊಡಿ. ನಂಬರ್ ಪ್ಲೇಟು ಬದಲಾಗಿದ್ದರೆ ಗಾಡಿ ನಿಮ್ಮದೇ ಅಂತ ಪೊಲೀಸರು ತಾಳೆ ನೋಡುವುದು ಅದರಿಂದಲೇ. ಎಡಬಾಗಿಲಿನ ಗೀರು, ಹಿಂದಿನ ಗಾಜಿನ ಸ್ಟಿಕರು, ಇಂಥವನ್ನೂ ಹೇಳಿ.

ಆ್ಯಪಿನ ಪಾಸ್‌ವರ್ಡ್ ಕೊಡುವುದು ಬೇಡ. ಬಹುತೇಕ ಆ್ಯಪುಗಳಲ್ಲಿ ಕೆಲವು ಗಂಟೆ ಮಾತ್ರ ನಡೆಯುವ ಶೇರ್ ಲಿಂಕ್ ಇರುತ್ತದೆ, ಅದನ್ನು ಕಳಿಸಿ. ಫೋನಿನಲ್ಲಿ ಅಕ್ಷಾಂಶ ರೇಖಾಂಶ ಓದುವುದಾದರೆ ದಶಮಾಂಶದ ನಂತರ ನಾಲ್ಕು ಅಂಕಿಯಾದರೂ ಓದಿ. ನಾಲ್ಕನೇ ಅಂಕಿ ಅಂದರೆ ಅಕ್ಷಾಂಶದಲ್ಲಿ ಸುಮಾರು 11 ಮೀಟರ್. ಎರಡಕ್ಕೇ ನಿಲ್ಲಿಸಿದರೆ ಒಂದು ಕಿಲೋಮೀಟರಿಗೂ ಮೇಲೆ.

ಎಲ್ಲಕ್ಕಿಂತ ಹೆಚ್ಚಾಗಿ ಸಮಯ ಹೇಳಿ. ಇದನ್ನು ನಾನು ಕಲಿತದ್ದು ಒಂದು ರಾತ್ರಿ. ಚುಕ್ಕೆ ಒಂದು ಕಟ್ಟಡದ ಮೇಲೆ ನಿಂತಿತ್ತು, "ಸಿಕ್ಕಿತು ಸಾರ್" ಅಂದೆ. ಸಬ್‌ಇನ್‌ಸ್ಪೆಕ್ಟರ್ ಫೋನ್ ಕಡೆ ನೋಡದೆ ಕೇಳಿದರು: "ಇದು ಈಗಿನದಾ, ಆಗಿನದಾ?" ಚುಕ್ಕೆ ಒತ್ತಿ ನೋಡಿದರೆ ಕೊನೆಯ ಲೊಕೇಶನ್ 2:40ರದ್ದು, ವೇಗ ಗಂಟೆಗೆ 6 ಕಿಲೋಮೀಟರ್. ಗಡಿಯಾರದಲ್ಲಿ ಮೂರೂಕಾಲು. "ಆರರ ಸ್ಪೀಡಲ್ಲಿ ಹೋಗ್ತಾ ಹೋಗ್ತಾ ಸಿಗ್ನಲ್ ಹೋಯ್ತು ಅಂದ್ರೆ ರ‍್ಯಾಂಪ್ ಇಳಿದಿದ್ದಾನೆ" ಅಂದರು. ನಾನು ಕಟ್ಟಡದ ಎದುರಿನ ಸಾಲುಗಾಡಿಗಳ ನಡುವೆ ಹುಡುಕುತ್ತಿದ್ದೆ. ಕಾರು ಎರಡನೇ ನೆಲಮಾಳಿಗೆಯಲ್ಲಿ ಕವರ್ ಹೊದ್ದುಕೊಂಡಿತ್ತು. ಕದ್ದ ಗಾಡಿಯನ್ನು ಒಂದೆರಡು ದಿನ ಹೀಗೆ ಎಲ್ಲೋ ನಿಲ್ಲಿಸಿ, ಯಾರಾದರೂ ಹುಡುಕಿ ಬರುತ್ತಾರಾ ಅಂತ ದೂರದಿಂದ ಕಾಯುವವರಿದ್ದಾರೆ.

ಅಂಥ ಕಡೆ ಹಳೆಯ ರೇಡಿಯೋ ವಿಧಾನವೇ ಮೇಲು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1986ರಲ್ಲಿ ಶುರುವಾದ, ಕದ್ದ ಗಾಡಿ ಹುಡುಕುವ ಲೋಜ್ಯಾಕ್ ಅನ್ನುವ ವ್ಯವಸ್ಥೆಯಲ್ಲಿ ಜಿಪಿಎಸ್ ಇರಲೇ ಇಲ್ಲ. ಮಾಲೀಕ ದೂರು ಕೊಟ್ಟ ಮೇಲೆ ಗಾಡಿಯೊಳಗಿನ ಪೆಟ್ಟಿಗೆ 173.075 ಮೆಗಾಹರ್ಟ್ಸ್‌ನಲ್ಲಿ ಕೂಗಲು ಶುರುಮಾಡುತ್ತಿತ್ತು. ಪೊಲೀಸ್ ಕಾರಿನ ಟಾಪಿನ ಮೇಲೆ ನಾಲ್ಕು ಆಂಟೆನಾ, ಒಳಗೆ ದಿಕ್ಕನ್ನೂ ಸಿಗ್ನಲಿನ ಬಲವನ್ನೂ ತೋರಿಸುವ ಪರದೆ. ಜಿಪಿಎಸ್ ಕುರುಡಾಗುವ ಗ್ಯಾರೇಜಿನೊಳಗಿಂದಲೂ ಆ ಕೂಗು ಹೊರಗೆ ಕೇಳುತ್ತಿತ್ತು.

ಇನ್ನು ಲೈವ್ ಮೋಡ್. ಗಾಡಿಯ ಬ್ಯಾಟರಿ ಇರುವ ತನಕ ಹತ್ತು ಸೆಕೆಂಡಿಗೊಮ್ಮೆ ಚುಕ್ಕೆ ಬರಲಿ. ಟರ್ಮಿನಲ್ ಕಿತ್ತ ಎಚ್ಚರಿಕೆ ಬಂದ ತಕ್ಷಣ ಹತ್ತು ನಿಮಿಷಕ್ಕೊಮ್ಮೆ ಅಂತ ಬದಲಿಸಿ. ಗಾಬರಿಯಲ್ಲಿ ಎಲ್ಲರೂ ಇದರ ಉಲ್ಟಾ ಮಾಡಿ, ಒಳಬ್ಯಾಟರಿಯನ್ನು ಬೆಳಗಾಗುವುದರೊಳಗೆ ಖಾಲಿ ಮಾಡುತ್ತಾರೆ. ಆ್ಯಪಿನಲ್ಲಿ ದೂರದಿಂದಲೇ ಎಂಜಿನ್ ನಿಲ್ಲಿಸುವ ಎಂಜಿನ್ ಕಟ್ ಬಟನ್ನಿದ್ದರೆ ಓಡುವ ಗಾಡಿಗೆ ಒತ್ತಲೇಬೇಡಿ. ಸ್ಟಿಯರಿಂಗ್ ಬಿಗಿಯಾಗುತ್ತದೆ, ಬ್ರೇಕಿಗೆ ಸಿಗುವ ಸಹಾಯ ಹೋಗುತ್ತದೆ. ಎದುರಿಗೆ ಬರುವವನು ಏನು ತಪ್ಪು ಮಾಡಿದ್ದ? ಪೊಲೀಸರು ಹೇಳಿದಾಗ, ಗಾಡಿ ನಿಂತಿರುವಾಗ ಒತ್ತಿ.

ಆ್ಯಪಲ್ ಕಂಪನಿಯ ಪುಟ್ಟ ಬಿಲ್ಲೆ ಏರ್‌ಟ್ಯಾಗ್ ಸಾಕಲ್ಲವಾ ಅನ್ನುವವರಿಗೆ: ಅದು ಅಕ್ಕಪಕ್ಕ ಹಾಯುವ ಫೋನುಗಳನ್ನು ನಂಬಿ ಬದುಕುತ್ತದೆ. ಜೊತೆಗೆ, ಅಪರಿಚಿತ ಟ್ಯಾಗ್ ಒಂದು ನಿಮ್ಮ ಸಂಗಡ ಬರುತ್ತಿದೆ ಅಂತ ಕಳ್ಳನ ಫೋನಿಗೂ ಸುದ್ದಿ ಮುಟ್ಟಿಸುತ್ತದೆ. ಎರಡನೆಯದಾಗಿ ಇಟ್ಟುಕೊಳ್ಳಿ, ಅದೊಂದನ್ನೇ ನಂಬಬೇಡಿ.

ಗಾಡಿ ಸಿಕ್ಕ ಮೇಲೆ ಬಾಗಿಲು ಮುಟ್ಟುವ ಮುಂಚೆ ಬೆರಳಚ್ಚು ತೆಗೆಯುತ್ತಾರಾ ಕೇಳಿ. ಓಡಾಡಿದ ದಾರಿಯ ದಾಖಲೆಯನ್ನು ಅದೇ ದಿನ ಡೌನ್‌ಲೋಡ್ ಮಾಡಿ ತನಿಖಾಧಿಕಾರಿಗೆ ಕೊಡಿ. ಹಳೆಯದನ್ನು ಸರ್ವರ್ ಅಳಿಸಿಬಿಡಬಹುದು.

ನೆಲಮಾಳಿಗೆಯ ಆ ಕಾರಿನ ಟ್ರ್ಯಾಕರನ್ನು ಅದು ಮನೆಗೆ ಬಂದ ಮಾರನೇ ದಿನವೇ ಬಿಚ್ಚಿ ಬೇರೆ ಕಡೆ ಕೂರಿಸಿದೆ. ಮಾಲೀಕರಿಗೆ ಒಂದು ಸಲ ತೋರಿಸಿದ್ದೇನೆ. ಫೋಟೊ ತೆಗೆಯಲು ಬಿಡಲಿಲ್ಲ.