ರೇಂಜ್‌ಫೈಂಡರ್‌ಗೆ ಅಗ್ಗದ ಹಳೆಯ ಲೆನ್ಸ್: ಆರಿಸುವುದು, ಪರೀಕ್ಷಿಸುವುದು, ಸರಿಪಡಿಸುವುದು

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ. ಮೇಲಿನ ಸಣ್ಣ ಕಿಟಕಿಯಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದರ ಮೇಲೊಂದು ಕೂಡಿಸಿ, ಫೋಕಸ್ ಸರಿಯಿದೆ ಎಂದು ನಂಬಿ ಶಟರ್ ಒತ್ತುತ್ತೇವೆ. ಆ ನಂಬಿಕೆಯ ಭಾರವೆಲ್ಲ ಲೆನ್ಸಿನ ಹಿಂಬದಿಯ ಒಂದು ನಯವಾದ ಲೋಹದ ಉಂಗುರದ ಮೇಲಿದೆ. ಫೋಕಸ್ ತಿರುಗಿಸಿದಾಗ ಅದು ಹಿಂದೆ ಮುಂದೆ ಸರಿದು ಬಾಡಿಯೊಳಗಿನ ಸನ್ನೆಕೋಲನ್ನು ತಳ್ಳುತ್ತದೆ. ಇದನ್ನು ಕ್ಯಾಮ್ ಎನ್ನುತ್ತಾರೆ. ಹಳೆಯ ಲೆನ್ಸ್ ಕೊಳ್ಳುವವರು ಸಾಮಾನ್ಯವಾಗಿ ಗಾಜನ್ನಷ್ಟೇ ನೋಡುತ್ತಾರೆ, ಕ್ಯಾಮ್ ಕಡೆ ಗಮನ ಕೊಡುವುದಿಲ್ಲ. ಆಮೇಲೆ ಮೂವತ್ತಾರು ಚಿತ್ರಗಳ ರೋಲ್ ತೊಳೆದು ಬಂದಾಗ ಕಣ್ಣಿನ ಬದಲು ಕಿವಿ ಸ್ಪಷ್ಟವಾಗಿರುತ್ತದೆ. ಅದು ಲೆನ್ಸ್ ಕೆಟ್ಟಿದೆ ಎಂದಲ್ಲ, ಲೆನ್ಸಿಗೂ ಬಾಡಿಗೂ ಅಳತೆ ಕೂಡಿಲ್ಲ ಎಂದರ್ಥ.

ಮೊದಲು ಮೌಂಟ್

ಲೆನ್ಸನ್ನು ಬಾಡಿಗೆ ಜೋಡಿಸುವ ಭಾಗವೇ ಮೌಂಟ್. ಅಗ್ಗದ ಹಳೆಯ ಲೆನ್ಸ್‌ಗಳಲ್ಲಿ ಹೆಚ್ಚಿನವು ಲೈಕಾ ಸ್ಕ್ರೂ ಮೌಂಟಿನವು. ತಿರುಪಿನ ವ್ಯಾಸ 39 ಮಿ.ಮೀ.; ಮೌಂಟಿನ ಮುಖದಿಂದ ಫಿಲ್ಮಿನವರೆಗೆ 28.8 ಮಿ.ಮೀ. ಸೋವಿಯತ್ ಕಾಲದ ಫೆಡ್ ಮತ್ತು ಜೋರ್ಕಿ, ಜಪಾನಿನ ಕ್ಯಾನನ್ ಪಿ ಮತ್ತು ಕ್ಯಾನನ್ 7, ಹಳೆಯ ಲೈಕಾಗಳು ಎಲ್ಲವೂ ಇದೇ ಮೌಂಟ್. 1954ರಲ್ಲಿ ಎಂ3 ಜೊತೆ ಬಂದ ಲೈಕಾ ಎಂ ಮೌಂಟಿನಲ್ಲಿ ಈ ದೂರ 27.8 ಮಿ.ಮೀ. ವ್ಯತ್ಯಾಸ ಸರಿಯಾಗಿ 1 ಮಿ.ಮೀ. ಇರುವುದರಿಂದ ತೆಳ್ಳನೆಯ ಅಡಾಪ್ಟರ್ ಹಾಕಿದರೆ ಸ್ಕ್ರೂ ಲೆನ್ಸ್ ಎಂ ಬಾಡಿಯ ಮೇಲೆ ಕೂರುತ್ತದೆ. ಎಂ ಲೆನ್ಸನ್ನು ಸ್ಕ್ರೂ ಬಾಡಿಗೆ ಹಾಕಲು ಬರುವುದಿಲ್ಲ.

ಇಲ್ಲಿ ಮೂರು ಕಡೆ ಮೋಸ ಹೋಗುವ ಸಾಧ್ಯತೆ ಇದೆ. ಹಳೆಯ ಜೆನಿಟ್ ಎಸ್‌ಎಲ್‌ಆರ್ (ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ) ಲೆನ್ಸ್‌ಗಳಿಗೂ 39 ಮಿ.ಮೀ. ತಿರುಪೇ ಇದೆ; ಆದರೆ ಅವುಗಳ ಅಂತರ 45.2 ಮಿ.ಮೀ. ತಿರುಪು ಸಲೀಸಾಗಿ ಕೂರುತ್ತದೆ, ಫೋಕಸ್ ಮಾತ್ರ ಎಲ್ಲೂ ಸಿಗುವುದಿಲ್ಲ. ಇಂಡಸ್ಟಾರ್-50 ಎರಡೂ ರೂಪದಲ್ಲಿ ಬಂದಿದ್ದರಿಂದ ಹೆಸರು ನೋಡಿ ಕೊಳ್ಳಬೇಡಿ. ಕತ್ತಲಕೋಣೆಯ ಎನ್‌ಲಾರ್ಜರ್ ಲೆನ್ಸ್‌ಗೂ ಇದೇ ತಿರುಪು, ಅದಕ್ಕೆ ಫೋಕಸ್ ಉಂಗುರವೇ ಇರುವುದಿಲ್ಲ. ಇನ್ನು ಜುಪಿಟರ್-8ರಲ್ಲಿ ಕೀವ್ ಕ್ಯಾಮೆರಾಕ್ಕಾಗಿ ಮಾಡಿದ ಬಯೋನೆಟ್ (ತಿರುಪಿಲ್ಲದೆ ಸಿಕ್ಕಿಸಿ ಕೂರಿಸುವ) ಮಾದರಿಯೂ ಇದೆ. ಮಾರುವವರಿಂದ ಹಿಂಬದಿಯ ಫೋಟೋ ಕೇಳಿ. ಹೊರಗೆ ತಿರುಪು, ಅದರ ಒಳಗೆ ನಯವಾದ ಉಂಗುರ, ಮೈಮೇಲೆ ಮೀಟರ್ ಅಂಕಿಗಳಿರುವ ಫೋಕಸ್ ಉಂಗುರ ಮೂರೂ ಕಂಡರೆ ಅದು ನಿಮಗೆ ಬೇಕಾದ ಲೆನ್ಸ್.

ಯಾವುದನ್ನು ಕೊಳ್ಳಬೇಕು

ಜುಪಿಟರ್-8, 50 ಮಿ.ಮೀ. ಎಫ್/2. ಇಲ್ಲಿ ಮಿ.ಮೀ. ಎಂದರೆ ಲೆನ್ಸಿನ ನಾಭಿದೂರ; ಎಫ್ ಅಂಕಿ ಚಿಕ್ಕದಾದಷ್ಟೂ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ದೊಡ್ಡದು. ಹಳೆಯ ಲೆನ್ಸಿನ ಗುಣ ಕಡಿಮೆ ಹಣಕ್ಕೆ ಬೇಕೆಂದರೆ ಇದಕ್ಕಿಂತ ಒಳ್ಳೆಯದು ಕಾಣೆ. ಲುಡ್ವಿಗ್ ಬರ್ಟೆಲೆ 1930ರ ದಶಕದಲ್ಲಿ ಜರ್ಮನಿಯ ಜೈಸ್ ಕಂಪನಿಗಾಗಿ ರೂಪಿಸಿದ ಸೊನ್ನಾರ್‌ನದೇ ವಿನ್ಯಾಸ: ಆರು ಗಾಜು, ಮೂರು ಗುಂಪು. ಗಾಜನ್ನು ಗಾಜಿಗೇ ಅಂಟಿಸಿರುವುದರಿಂದ ಗಾಳಿಗೆ ತೆರೆದ ಮೇಲ್ಮೈಗಳು ಆರೇ. ಕೋಟಿಂಗ್ (ಗಾಜಿನ ಮೇಲೆ ಪ್ರತಿಫಲನ ತಗ್ಗಿಸುವ ಲೇಪ) ಸರಳವಾಗಿದ್ದ ಕಾಲದಲ್ಲೂ ಹೀಗಾಗಿಯೇ ಕಾಂಟ್ರಾಸ್ಟ್ ಉಳಿಯುತ್ತಿತ್ತು. ಎಫ್/2ರಲ್ಲಿ ಮುಖದ ಮೇಲೆ ಮೃದುವಾದ ಹೊಳಪು, ಎಫ್/5.6ಕ್ಕೆ ಬಂದರೆ ಮೂಲೆಯವರೆಗೂ ಸ್ಪಷ್ಟ. ಫಿಲ್ಟರ್ 40.5 ಮಿ.ಮೀ., ಅತಿ ಹತ್ತಿರದ ಫೋಕಸ್ 1 ಮೀಟರ್. ಮುಂಭಾಗದಲ್ಲಿ ಬಾಗಿಲ ಚೌಕಟ್ಟಿನಂತೆ ಕಾಣುವ ಕೆಂಪು ರಷ್ಯನ್ ಅಕ್ಷರವಿದ್ದರೆ ಕೋಟಿಂಗ್ ಇದೆ ಎಂಬ ಗುರುತು. ಅಪರ್ಚರ್ ಉಂಗುರಕ್ಕೆ ಟಿಕ್ ಟಿಕ್ ಇಲ್ಲ, ಬೆರಳು ತಾಗಿದರೆ ಸರಿಯುತ್ತದೆ. ಆದ್ದರಿಂದ ಮೊದಲು ಅಪರ್ಚರ್ ಇಟ್ಟು ಆಮೇಲೆ ಫೋಕಸ್ ಮಾಡಿ.

ಇಂಡಸ್ಟಾರ್-61 ಎಲ್‌ಡಿ, 55 ಮಿ.ಮೀ. ಎಫ್/2.8. ಜೈಸ್‌ನದೇ ಇನ್ನೊಂದು ವಿನ್ಯಾಸವಾದ ನಾಲ್ಕು ಗಾಜಿನ ಟೆಸ್ಸಾರ್ ಮಾದರಿ, ಲ್ಯಾಂಥನಂ ಗಾಜು. ಬಿಸಿಲಲ್ಲಿ ಬೀದಿ ಚಿತ್ರಕ್ಕೆ ಇದು ಜುಪಿಟರ್‌ಗಿಂತ ಚುರುಕು. ಆದರೆ ಒಣಗಿದ ಗ್ರೀಸ್ ಇದರ ಮಾಮೂಲಿ ಕಾಯಿಲೆ. ಫೋಕಸ್ ಉಂಗುರ ಬಿಗಿಯಾಗಿದ್ದರೆ ಫೋಕಸ್ ಬದಲು ಇಡೀ ಲೆನ್ಸೇ ಬಾಡಿಯಿಂದ ತಿರುಪು ಬಿಚ್ಚಿಕೊಳ್ಳುತ್ತದೆ. ಕಾಲು ಸುತ್ತು ಸಡಿಲವಾದರೂ ಮೌಂಟಿನ ಅಂತರ ಹಾಳಾಗಿ ದೂರದ ದೃಶ್ಯವೆಲ್ಲ ಮಸುಕಾಗುತ್ತದೆ.

ಜುಪಿಟರ್-12, 35 ಮಿ.ಮೀ. ಎಫ್/2.8. ಜೈಸ್‌ನ ಬಯೋಗಾನ್ ವಿನ್ಯಾಸ. ಹಿಂದಿನ ಗಾಜು ಗುಬಟಾಗಿ ಬಾಡಿಯೊಳಕ್ಕೆ ಚಾಚಿಕೊಂಡಿರುತ್ತದೆ. ಲೈಕಾ ಸಿಎಲ್ ಮತ್ತು ಎಂ5ರಲ್ಲಿ ಬೆಳಕಳೆಯುವ ತೋಳು ಶಟರಿನ ಮುಂದೆ ಏಳುತ್ತದೆ, ಅಲ್ಲಿ ಇದನ್ನು ಹಾಕಲೇಬಾರದು. ಡಿಜಿಟಲ್ ಬಾಡಿಯಲ್ಲಿ ಅಂಚಿಗೆ ಬಣ್ಣ ತಿರುಗುತ್ತದೆ. ಫಿಲ್ಮ್ ಮೇಲೆ ಸೊಗಸಾದ ಲೆನ್ಸ್.

ಲೈಕಾ ಬಾಡಿ ಇದ್ದು ರಿಪೇರಿಯ ತಾಳ್ಮೆ ಇಲ್ಲದವರು ಕ್ಯಾನನ್ 50 ಮಿ.ಮೀ. ಎಫ್/1.8 ಕಡೆ ನೋಡಬೇಕು. ಕ್ಯಾಮ್ ಲೈಕಾ ಅಳತೆಗೇ ಮಾಡಿದ್ದು. ಒಂದೇ ದೋಷ: ಅಪರ್ಚರ್ ಎಲೆಗಳ ಹಿಂದಿನ ಗಾಜಿನ ಮೇಲೆ ಎಣ್ಣೆಯ ಆವಿ ಕೂತು ಮಂಜು ಕಟ್ಟುತ್ತದೆ, ಬಹಳ ದಿನ ಬಿಟ್ಟರೆ ಗಾಜನ್ನೇ ತಿನ್ನುತ್ತದೆ. ತಿಂದ ಗಾಜು ಒರೆಸಿದರೆ ಹೋಗುವುದಿಲ್ಲ. ಇದನ್ನು ಖಾತ್ರಿ ಮಾಡಿಕೊಳ್ಳದೆ ಕ್ಯಾನನ್ 1.8 ಕೊಳ್ಳಲೇಬೇಡಿ.

ಹೊಸದರಲ್ಲಿ ಹಳೆಯ ರೂಪ ಬೇಕೆಂದರೆ ಜಪಾನಿನ ಕೊಸಿನಾ ಕಂಪನಿ ಫೋಕ್ಟ್‌ಲೆಂಡರ್ ಹೆಸರಲ್ಲಿ ಮಾಡುವ ನೋಕ್ಟನ್ ಕ್ಲಾಸಿಕ್ 40 ಮಿ.ಮೀ. ಎಫ್/1.4 ಇದೆ. ಇದರಲ್ಲಿ ಎಸ್‌ಸಿ ಎಂದರೆ ಒಂದೇ ಪದರದ ಕೋಟಿಂಗ್, ಹಳೆಯ ಗುಣಕ್ಕೆ ಹತ್ತಿರ; ಎಂಸಿ ಎಂದರೆ ಬಹುಪದರ. ಲೈಕಾ ಎಂ ಬಾಡಿಯ ಫೈಂಡರಿನಲ್ಲಿ (ನೋಡುವ ಕಿಟಕಿಯಲ್ಲಿ) ಇದು 50 ಮಿ.ಮೀ. ಲೆನ್ಸಿನ ಚೌಕಟ್ಟನ್ನು ತೋರಿಸುತ್ತದೆ, ಚಿತ್ರದಲ್ಲಿ ಅದಕ್ಕಿಂತ ಹೆಚ್ಚು ಬರುತ್ತದೆ. ಅದೇ ಕಂಪನಿಯ ಬೆಸ್ಸಾ ಆರ್3ಎಂ ಕ್ಯಾಮೆರಾದಲ್ಲಿ 40ರ ಚೌಕಟ್ಟೇ ಇದೆ. ಚೀನಾದ ಸೆವೆನ್ ಆರ್ಟಿಸನ್ಸ್ 50 ಮಿ.ಮೀ. ಎಫ್/1.1 ಕೂಡ ಸೊನ್ನಾರ್ ಧಾಟಿಯದು. ಹಿಂಬದಿಯ ಸಣ್ಣ ಸ್ಕ್ರೂ ಸಡಿಲಿಸಿ ಕ್ಯಾಮನ್ನು ನೀವೇ ಹೊಂದಿಸಬಹುದು ಎಂಬುದು ಅದರ ದೊಡ್ಡ ಅನುಕೂಲ.

'ಲೈಟ್ಸ್ ಎಲ್ಮಾರ್' ಅಥವಾ 'ಕಾರ್ಲ್ ಜೈಸ್ ಯೇನಾ ಸೊನ್ನಾರ್' ಎಂದು ಕೆತ್ತಿದ ಸ್ಕ್ರೂ ಲೆನ್ಸ್ ಅನುಮಾನ ಬರುವಷ್ಟು ಅಗ್ಗವಾಗಿ ಸಿಕ್ಕರೆ ಅದು ಬಹುತೇಕ ಸೋವಿಯತ್ ಲೆನ್ಸಿನ ಮೇಲೆ ಹೊಸ ಹೆಸರು ಕೆತ್ತಿದ್ದು. ಜುಪಿಟರ್‌ನ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ.

ಕೈಗೆ ಬಂದಾಗ

ಎರಡೂ ಮುಚ್ಚಳ ತೆಗೆದು ಅಪರ್ಚರ್ ಪೂರ್ತಿ ತೆರೆಯಿರಿ. ಕತ್ತಲೆಯಲ್ಲಿ ಮೊಬೈಲ್ ಟಾರ್ಚನ್ನು ಹಿಂಬದಿಯಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ನೇರವಾಗಿ ಹಿಡಿದರೆ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಏನೂ ತಿಳಿಯದು. ಗಾಜಿನ ಮೇಲೆ ಉಸಿರು ಬಿಟ್ಟಂತೆ ಬಿಳಿ ಪೊರೆ ಕಂಡರೆ ಮಂಜು. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಬೂಷ್ಟು. ಮುಂದಿನ ಗಾಜಿನ ಸಣ್ಣ ಒರೆಸು ಗೆರೆಗಳು ಹೆಚ್ಚಿನ ಚಿತ್ರಗಳಲ್ಲಿ ಕಾಣುವುದೇ ಇಲ್ಲ, ಅವುಗಳ ಹೆಸರಲ್ಲಿ ಬೆಲೆ ಇಳಿಸಿ ಕೊಳ್ಳಬಹುದು. ಹಿಂದಿನ ಗಾಜಿನ ಗೀರು ಬೇಡ. ಎಲೆಗಳ ಮೇಲೆ ಎಣ್ಣೆ ಇದ್ದರೆ ರೇಂಜ್‌ಫೈಂಡರ್ ಲೆನ್ಸಿನಲ್ಲಿ ಕೆಲಸವೇನೂ ನಿಲ್ಲದು. ಆದರೆ ಆ ಎಣ್ಣೆಯೇ ನಾಳಿನ ಮಂಜು. ಮಂಜು ಕಟ್ಟಿದ ಲೆನ್ಸಿನ ಮಸುಕನ್ನು 'ವಿಂಟೇಜ್ ಲುಕ್' ಎಂದು ಹೊಗಳಿ ಮಾರುವವರಿದ್ದಾರೆ. ಹಳೆಯ ಲೆನ್ಸಿನ ಚೆಲುವು ಅದರ ವಿನ್ಯಾಸದಿಂದ, ಕೋಟಿಂಗಿನಿಂದ ಬರುತ್ತದೆ. ಮಂಜಿನಿಂದ ಬರುವುದು ಬೂದು ಬಣ್ಣ ಮಾತ್ರ.

ಎಂ ಬಾಡಿಗೆ ಅಡಾಪ್ಟರ್ ಕೊಳ್ಳುವಾಗ ಲೆನ್ಸಿಗೆ ತಕ್ಕ ಚೌಕಟ್ಟಿನ ಜೋಡಿ ನೋಡಿ: 28-90, 35-135, 50-75. ತಪ್ಪಾದದ್ದು ಹಾಕಿದರೆ ಫೈಂಡರಿನಲ್ಲಿ ಬೇರೆ ಚೌಕಟ್ಟು ಬರುತ್ತದೆ. ದಪ್ಪವನ್ನು ಡಿಜಿಟಲ್ ಕ್ಯಾಲಿಪರ್‌ನಲ್ಲಿ ನಾಲ್ಕು ಕಡೆ ಅಳೆಯಿರಿ, 1.00 ಮಿ.ಮೀ. ಬರಬೇಕು. ದಪ್ಪ ಹೆಚ್ಚಿದ್ದರೆ ಅನಂತ ದೂರ ಸಿಗುವುದೇ ಇಲ್ಲ. 50 ಮಿ.ಮೀ. ಲೆನ್ಸಿನಲ್ಲಿ ಗಾಜೂ ಕ್ಯಾಮೂ ಒಟ್ಟಿಗೇ ಮುಂದೆ ಸರಿಯುವುದರಿಂದ ಹತ್ತಿರದ ಫೋಕಸ್ ಹೆಚ್ಚು ಕೆಡದು. 35ರಲ್ಲಿ ಎರಡರ ಚಲನೆ ಬೇರೆ ಬೇರೆಯಾದ್ದರಿಂದ ಅದೂ ಕೆಡುತ್ತದೆ.

ಬೆಂಕಿಪೊಟ್ಟಣದ ಪರೀಕ್ಷೆ

ಮೊದಲು ಬಾಡಿ. ಒಂದು ಕಿಲೋಮೀಟರಿಗಿಂತ ದೂರದ ಟವರ್ ಅಥವಾ ಚಂದ್ರನನ್ನು ನೋಡಿ. ಸರಿಯಿದೆ ಎಂದು ಗೊತ್ತಿರುವ ಲೆನ್ಸ್ ಅನಂತಕ್ಕೆ ತಾಗಿದಾಗ ಬಿಂಬಗಳು ಕೂಡಬೇಕು. ಅದು ಸರಿಯಾಗದೆ ಲೆನ್ಸ್ ಮುಟ್ಟಬೇಡಿ.

ಆಮೇಲೆ ಮೇಜಿನ ಮೇಲೆ ಐದು ಬೆಂಕಿಪೊಟ್ಟಣಗಳನ್ನು ಚೀಟಿ ನಿಮ್ಮ ಕಡೆ ಬರುವಂತೆ, ಒಂದರ ಹಿಂದೊಂದು 3 ಸೆಂ.ಮೀ. ದೂರದಲ್ಲಿ, ಒಂದನ್ನೊಂದು ಮರೆಮಾಡದಂತೆ ಓರೆ ಸಾಲಿನಲ್ಲಿ ನಿಲ್ಲಿಸಿ. ಮಧ್ಯದ್ದು ಫಿಲ್ಮಿನಿಂದ 1 ಮೀಟರಿಗೆ ತುಸು ಹೆಚ್ಚು ದೂರದಲ್ಲಿರಲಿ. ಟ್ರೈಪಾಡ್ ಬೇಕೇ ಬೇಕು. ರೇಂಜ್‌ಫೈಂಡರ್‌ನಿಂದ ಮಧ್ಯದ್ದಕ್ಕೆ ಫೋಕಸ್ ಮಾಡಿ ಅಪರ್ಚರ್ ಪೂರ್ತಿ ತೆರೆದು ಮೂರು ಸಲ ತೆಗೆಯಿರಿ, ಪ್ರತಿ ಸಲವೂ ಉಂಗುರವನ್ನು ಅನಂತಕ್ಕೆ ಒಯ್ದು ಮತ್ತೆ ಕೂಡಿಸಿ. ಒಂದು ಸಲದ ಫಲಿತಾಂಶ ನಿಮ್ಮ ಕೈತಪ್ಪೂ ಆಗಿರಬಹುದು. ಹಿಂಬಾಗಿಲು ಪೂರ್ತಿ ಕಳಚುವ ಜೋರ್ಕಿ-4ರಂಥ ಬಾಡಿಯಾದರೆ ಫಿಲ್ಮ್ ಬೇಡ: ಫಿಲ್ಮ್ ಕೂರುವ ಒಳ ಹಳಿಗಳ ಮೇಲೆ ಮಬ್ಬು ಸೆಲೊಟೇಪ್ ಬಿಗಿಯಾಗಿ ಅಂಟಿಸಿ, ಶಟರ್ 'ಬಿ'ಯಲ್ಲಿ ತೆರೆದಿಟ್ಟು ಭೂತಗನ್ನಡಿಯಿಂದ ಬಿಂಬವನ್ನು ನೇರ ನೋಡಬಹುದು.

ಕ್ಯಾಮೆರಾ ಕಡೆಯಿಂದ ಎಣಿಸಿದಾಗ ಮೂರನೆಯ ಪೊಟ್ಟಣ ಸ್ಪಷ್ಟವಾಗಿದ್ದರೆ ಕೆಲಸ ಮುಗಿಯಿತು. ಜುಪಿಟರ್-8 ಲೈಕಾ ಮೇಲಿದ್ದರೆ ಬಹುಶಃ ನಾಲ್ಕನೆಯದು ಸ್ಪಷ್ಟವಾಗಿರುತ್ತದೆ. ಕಾರಣ ಇದು: ಲೈಕಾ 50 ಎನ್ನುವುದರ ನಿಜ ನಾಭಿದೂರ 51.6 ಮಿ.ಮೀ.; ಸೋವಿಯತ್ ಲೆನ್ಸ್‌ಗಳು ಜೈಸ್‌ನ ಕಾಂಟ್ಯಾಕ್ಸ್ ಕ್ಯಾಮೆರಾದ 52.4 ಮಿ.ಮೀ. ಅಳತೆಯನ್ನು ಅನುಸರಿಸಿದವು. ನಾಭಿದೂರ ಹೆಚ್ಚಿರುವ ಲೆನ್ಸ್ ಅದೇ ದೂರಕ್ಕೆ ಇನ್ನಷ್ಟು ಮುಂದೆ ಚಾಚಬೇಕು, ಲೈಕಾದ ಸನ್ನೆಕೋಲಿಗೆ ಅದು ಗೊತ್ತಿಲ್ಲ. ಹಾಗಾಗಿ ಫೋಕಸ್ ಸುಮಾರು ನೂರಕ್ಕೆ ಮೂರರಷ್ಟು ಹಿಂದೆ ಬೀಳುತ್ತದೆ, 1 ಮೀಟರಿನಲ್ಲಿ 3 ಸೆಂ.ಮೀ. ಎಫ್/2ರಲ್ಲಿ ಅಷ್ಟು ದೂರಕ್ಕೆ ಸ್ಪಷ್ಟತೆಯ ಆಳ ಹಿಂದಕ್ಕೆ ಎರಡೂವರೆ ಸೆಂ.ಮೀ. ಇದ್ದರೆ ಹೆಚ್ಚು. ಎಫ್/4ರಲ್ಲಿ ಅದು ದುಪ್ಪಟ್ಟಾಗಿ ತಪ್ಪು ಮುಚ್ಚಿಹೋಗುತ್ತದೆ. ಅದೇ ಲೆನ್ಸ್ ಜೋರ್ಕಿಯ ಮೇಲಿದ್ದರೆ ಈ ಸಮಸ್ಯೆಯೇ ಬರುವುದಿಲ್ಲ. ಆದ್ದರಿಂದ ಹಗಲು ಬೆಳಕಲ್ಲಿ ಎಫ್/5.6, ಎಫ್/8ರಲ್ಲೇ ತೆಗೆಯುವವರು ಏನೂ ಮಾಡದೆ ಹಾಗೇ ಬಳಸಬಹುದು.

ಕಾಗದದ ಶಿಮ್

ಎಫ್/2ರಲ್ಲಿ ಮುಖಚಿತ್ರ ಬೇಕೆನ್ನುವವರು ಗಾಜಿನ ಗುಂಪನ್ನು ಸುಮಾರು 0.1 ಮಿ.ಮೀ. ಮುಂದಕ್ಕೆ ತರಬೇಕು. ಜೆರಾಕ್ಸ್ ಕಾಗದದ ದಪ್ಪವೂ ಸುಮಾರು ಅಷ್ಟೇ. ಫೋಕಸ್ ಉಂಗುರವನ್ನು ಒಂದು ಕೈಯಲ್ಲಿ ಹಿಡಿದು ಮುಂದಿನ ಭಾಗವನ್ನು ಎಡಕ್ಕೆ ತಿರುಗಿಸಿದರೆ ಗಾಜಿನ ಗುಂಪು ಇಡಿಯಾಗಿ ಹೊರಬರುತ್ತದೆ. ಹಿಡಿತ ಸಿಗದಿದ್ದರೆ ರಬ್ಬರ್ ಗ್ಲೌಸ್ ಹಾಕಿ. ಸಣ್ಣ ಪಿನ್ ಸ್ಕ್ರೂ ಕಂಡರೆ ಮೊದಲು ಅದನ್ನು ಸಡಿಲಿಸಿ, ಬಲ ಹಾಕಬೇಡಿ. ಒಳಗೆ ಒಂದು ತೆಳು ಲೋಹದ ಉಂಗುರ ಕಾಣುತ್ತದೆ. ಅದೇ ಕಾರ್ಖಾನೆಯ ಶಿಮ್, ಅಂದರೆ ಅಂತರ ಹೊಂದಿಸಲು ನಡುವೆ ಇಟ್ಟ ತೆಳು ಪದರ; ಎಸೆಯಬೇಡಿ. ಅದರ ಅಳತೆಗೆ ಕಾಗದ ಕತ್ತರಿಸಿ ಜೊತೆಗಿಟ್ಟು ಮತ್ತೆ ತಿರುಗಿಸಿ ಕೂರಿಸಿ, ಬೆಂಕಿಪೊಟ್ಟಣದ ಪರೀಕ್ಷೆ ಮತ್ತೊಮ್ಮೆ ಮಾಡಿ. ಸರಿ ಬಂದರೆ ಕಾಗದದ ಜಾಗಕ್ಕೆ ಅಷ್ಟೇ ದಪ್ಪದ ಹಿತ್ತಾಳೆ ಶಿಮ್ ಹಾಳೆ ಕತ್ತರಿಸಿ ಹಾಕಿ. ಕಾಗದ ತೇವ ಹೀರುತ್ತದೆ, ಒತ್ತಿಕೊಂಡು ತೆಳುವಾಗುತ್ತದೆ. ಎರಡನೆಯ ಪೊಟ್ಟಣ ಸ್ಪಷ್ಟವಾದರೆ ಶಿಮ್ ಹೆಚ್ಚಾಯಿತು ಎಂದು ತಿಳಿಯಿರಿ.

ಇದಕ್ಕೊಂದು ಬೆಲೆ ತೆರಬೇಕು. 0.1 ಮಿ.ಮೀ. ಮುಂದೆ ಬಂದ ಲೆನ್ಸ್ ಅನಂತದ ಗುರುತಿನಲ್ಲಿ ನಿಜಕ್ಕೂ ನೋಡುವುದು ಸುಮಾರು 27 ಮೀಟರ್ ದೂರವನ್ನು. ಬೆಟ್ಟಗುಡ್ಡ ತೆಗೆಯುವಾಗ ಎಫ್/5.6ಕ್ಕೆ ಇಳಿಸಿದರೆ ಅದು ಗೊತ್ತಾಗುವುದಿಲ್ಲ. ಅಪರ್ಚರಿನ ಚುಕ್ಕಿ ಮೊದಲಿದ್ದ ಜಾಗದಿಂದ ಸ್ವಲ್ಪ ಪಕ್ಕಕ್ಕೆ ಬರುತ್ತದೆ, ಅಂಕಿಗಳೇನೂ ತಪ್ಪಾಗಿಲ್ಲ. ಯಾವ ಬಾಡಿಗೆ ಎಷ್ಟು ಶಿಮ್ ಹಾಕಿದ್ದೀರಿ ಎಂದು ಚೀಟಿ ಬರೆದು ಲೆನ್ಸಿನ ಡಬ್ಬಿಯಲ್ಲಿಡಿ. ಇದೇ ಲೆನ್ಸನ್ನು ಮತ್ತೆ ಜೋರ್ಕಿಗೆ ಹಾಕಿದರೆ ಫೋಕಸ್ ಮುಂದೆ ಬೀಳುತ್ತದೆ.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಈ ಲೆನ್ಸ್‌ಗಳಿಗೆ ನೀರು ತಡೆಯುವ ರಬ್ಬರ್ ಸೀಲ್ ಇಲ್ಲ. ಒಂದೇ ಮಳೆಗಾಲ ಚರ್ಮದ ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯಲು ಸಾಕು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಂದು ಹಿಡಿ ಸಿಲಿಕಾ ಜೆಲ್, ಸಣ್ಣ ತೇವಮಾಪಕ ಇಟ್ಟು ಅಂಕಿ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ತೀರಾ ಒಣಗಿಸುವುದೂ ಒಳ್ಳೆಯದಲ್ಲ. ಬೂಷ್ಟು ಕಂಡ ಲೆನ್ಸನ್ನು ತೊಳೆಸುವ ತನಕ ಬೇರೆ ಡಬ್ಬಿಯಲ್ಲಿಡಿ.