ಸಂಗ್ರಹಿಸಿದ್ದು ಬಹಳ, ತರಗತಿಗೆ ಬಂದದ್ದು ಸ್ವಲ್ಪ: ವಯಸ್ಕರಿಗೆ ಕಲಿಸುವವನ ಅನುಭವ

ವಯಸ್ಕರಿಗೆ ಓದು ಬರಹ ಕಲಿಸಲು ಆರಂಭಿಸಿದ ಎರಡನೆಯ ವರ್ಷ ನಾನೊಂದು ತರಬೇತಿಗೆ ಹೋಗಿ ಬಂದೆ. ಬರುವಾಗ ಕೈಯಲ್ಲಿ ಒಂದು ಪ್ರಶ್ನಾವಳಿ ಇತ್ತು. ಕೆಲವರು ಕಣ್ಣಿನಿಂದ ಕಲಿಯುತ್ತಾರಂತೆ, ಕೆಲವರು ಕಿವಿಯಿಂದ, ಇನ್ನು ಕೆಲವರು ಕೈಯಾರೆ ಮಾಡಿ. ಯಾರು ಯಾವ ಬಗೆಯವರೆಂದು ಮೊದಲು ಗುರುತಿಸಿ, ಅದಕ್ಕೆ ತಕ್ಕಂತೆ ಪಾಠ ಮಾಡಬೇಕಂತೆ. ಸಂಜೆಯ ತರಗತಿಯಲ್ಲಿ 14 ಜನರನ್ನು ಕೂರಿಸಿಕೊಂಡು ಆ ಪ್ರಶ್ನೆಗಳನ್ನೆಲ್ಲ ನಾನೇ ಗಟ್ಟಿಯಾಗಿ ಓದಿದೆ. ಅವರಿಗೆ ಓದಲು ಬರುತ್ತಿರಲಿಲ್ಲವಲ್ಲ. ಇಡೀ ಸಂಜೆ ಅದಕ್ಕೇ ಹೋಯಿತು. ಕೊನೆಗೆ ಐವತ್ತು ದಾಟಿದ ಒಬ್ಬರು ಕೇಳಿದರು: "ಮೇಷ್ಟ್ರೇ, ನಾನು ಕಿವಿಯವನು ಎಂದು ಗೊತ್ತಾಯಿತು. ಈಗ ಅಕ್ಷರವನ್ನು ನನ್ನ ಕಿವಿಗೆ ಹೇಗೆ ತೋರಿಸುತ್ತೀರಿ?"

ನನ್ನಲ್ಲಿ ಉತ್ತರವಿರಲಿಲ್ಲ. ಆ ತರಬೇತಿಯ ಮೂಲವನ್ನು ಹುಡುಕಿಕೊಂಡು ಹೋದದ್ದು ಆ ಪ್ರಶ್ನೆಯಿಂದಾಗಿಯೇ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನೋವಿಜ್ಞಾನಿಗಳು 2008ರಲ್ಲೇ ಈ ವಿಷಯದ ಅಧ್ಯಯನಗಳನ್ನು ಪರಿಶೀಲಿಸಿ, ಕಲಿಕೆಯ ಬಗೆಗೆ ತಕ್ಕಂತೆ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು ಬರೆದಿದ್ದರು. ನಾನು ತರಬೇತಿಗೆ ಹೋದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ.

ಅದೇ ತರಬೇತಿಯ ಇನ್ನೊಂದು ಚಿತ್ರವನ್ನು ನಾನು ತರಗತಿಯ ಗೋಡೆಗೂ ಅಂಟಿಸಿದ್ದೆ. ಓದಿದ್ದರಲ್ಲಿ ಶೇಕಡಾ 10 ನೆನಪಿರುತ್ತದೆ, ಕೇಳಿದ್ದರಲ್ಲಿ 20, ಮಾಡಿದ್ದರಲ್ಲಿ 90 ಎಂದು ಹೇಳುವ ತ್ರಿಕೋನ ಅದು. ಎಡ್ಗರ್ ಡೇಲ್ ಎಂಬ ಶಿಕ್ಷಣತಜ್ಞರ ಹೆಸರೂ ಅದರ ಕೆಳಗಿತ್ತು. ಡೇಲ್ 1946ರಲ್ಲಿ ಅಂಥದೊಂದು ಶಂಕುವನ್ನು ಪ್ರಕಟಿಸಿದ್ದು ನಿಜ; ಆದರೆ ಅದರಲ್ಲಿ ಒಂದೇ ಒಂದು ಅಂಕಿ ಇರಲಿಲ್ಲ. ಶೇಕಡಾವಾರುಗಳು ಆಮೇಲೆ ಯಾರದೋ ಕೈಯಿಂದ ಬಂದು ಸೇರಿಕೊಂಡವು. ಸ್ವಲ್ಪ ಯೋಚಿಸಿದ್ದರೆ ನನಗೇ ಅನುಮಾನ ಬರಬೇಕಿತ್ತು. ಮನುಷ್ಯನ ನೆನಪು ಹತ್ತು, ಇಪ್ಪತ್ತು, ಮೂವತ್ತು ಎಂದು ಅಷ್ಟು ದುಂಡಾಗಿ ಯಾವಾಗ ಕೆಲಸ ಮಾಡಿದೆ?

ವಯಸ್ಕರ ಕಲಿಕೆ ಎಂದರೆ ಎಲ್ಲರೂ ಮೊದಲು ಹೇಳುವ ಹೆಸರು ಮಾಲ್ಕಮ್ ನೋಲ್ಸ್. ಅವರ ವಿಷಯದಲ್ಲೂ ಇದೇ ಕಥೆ. 1970ರ ತಮ್ಮ ಪುಸ್ತಕದ ಉಪಶೀರ್ಷಿಕೆಯಲ್ಲಿ ಅವರು ಮಕ್ಕಳ ಶಿಕ್ಷಣವನ್ನೂ ವಯಸ್ಕರ ಶಿಕ್ಷಣವನ್ನೂ ಎದುರಾಳಿಗಳಂತೆ ನಿಲ್ಲಿಸಿದ್ದರು. 1980ರ ಪರಿಷ್ಕೃತ ಮುದ್ರಣದಲ್ಲಿ ಅದನ್ನು ಒಂದರಿಂದ ಇನ್ನೊಂದರತ್ತ ಸಾಗುವ ದಾರಿ ಎಂದು ತಾವೇ ತಿದ್ದಿಕೊಂಡರು. ಬರೆದವರೇ ಹತ್ತು ವರ್ಷದಲ್ಲಿ ಬದಲಾದರು. ನನಗೆ ಸಿಕ್ಕ ಟಿಪ್ಪಣಿಗಳು ಮಾತ್ರ 1970ರಲ್ಲೇ ನಿಂತಿದ್ದವು.

ಇಷ್ಟಾದ ಮೇಲೆ ನನ್ನ ಲ್ಯಾಪ್‌ಟಾಪ್ ತೆರೆದು ನೋಡಿದೆ. ಉಪಯೋಗಕ್ಕೆ ಬರಬಹುದೆಂದು ಇಳಿಸಿಕೊಂಡ ಕಡತಗಳು ನೂರಾರು ಇದ್ದವು. ಓದಿದ್ದು ಬೆರಳೆಣಿಕೆಯಷ್ಟು, ತರಗತಿಗೆ ಒಯ್ದದ್ದು ಅದಕ್ಕಿಂತ ಕಡಿಮೆ. ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡು ಪುಟವನ್ನು ಮೂರು ಪಾಲು ಮಾಡಿದೆ: ಏನು ಓದಿದೆ ಮತ್ತು ಅದರ ಮೂಲ ಯಾವುದು, ಯಾವ ದಿನ ಮಾಡಿ ನೋಡಿದೆ, ಏನಾಯಿತು. ಎರಡನೆಯ ಪಾಲು ಒಂದು ತಿಂಗಳು ಖಾಲಿ ಉಳಿದರೆ ಆ ಸಾಲನ್ನು ಹೊಡೆದು ಹಾಕುತ್ತೇನೆ. ಒಮ್ಮೆಗೆ ಒಂದೇ ಬದಲಾವಣೆ. ಎರಡು ಹೊಸತನ್ನು ಒಟ್ಟಿಗೆ ತಂದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಆ ನೋಟ್‌ಬುಕ್‌ನಲ್ಲಿ ಅತಿ ಹೆಚ್ಚು ಪುಟ ತಿಂದದ್ದು ಬ್ರೆಜಿಲ್‌ನ ಶಿಕ್ಷಣತಜ್ಞ ಪಾವ್ಲೊ ಫ್ರೇರೆಯವರ ವಿಧಾನ. 1963ರಲ್ಲಿ ಆ ದೇಶದ ಆಂಜಿಕೋಸ್ ಎಂಬಲ್ಲಿ ಅವರ ತಂಡ ಸುಮಾರು 300 ದುಡಿಯುವ ಜನರಿಗೆ 40 ಗಂಟೆಗಳ ಪಾಠದಲ್ಲಿ ಅಕ್ಷರ ಕಲಿಸಲು ಹೊರಟಿತ್ತು. ಅಕ್ಷರಮಾಲೆಯಿಂದ ಅಲ್ಲ, ಕಲಿಯುವವರ ಬದುಕಿನ ಮಾತಿನಿಂದ ಆರಂಭ. ಫ್ರೇರೆಯವರ ಪ್ರಸಿದ್ಧ ಉದಾಹರಣೆ 'ತಿಜೋಲೊ', ಅಂದರೆ ಇಟ್ಟಿಗೆ. ಇಟ್ಟಿಗೆಯ ಬಗ್ಗೆ, ಮನೆಯ ಬಗ್ಗೆ ಮೊದಲು ಮಾತುಕತೆ. ಆಮೇಲೆ ಪದವನ್ನು ಬಿಡಿಸಿ ಒಂದೊಂದು ತುಣುಕಿಗೂ ತ-ತೆ-ತಿ-ತೊ-ತು ಎಂದು ಕುಟುಂಬ ಕಟ್ಟುವುದು. ಆ ತುಣುಕುಗಳಿಂದ ಕಲಿಯುವವರೇ ಹೊಸ ಪದ ಹುಟ್ಟಿಸುವುದು.

ಓದುತ್ತಿದ್ದಂತೆ ನಗು ಬಂತು. ಇದು ನಮ್ಮ ಕಾಗುಣಿತವೇ ಅಲ್ಲವೇ! ಮರುದಿನವೇ ಹಲಗೆಯ ಮೇಲೆ 'ಇಟ್ಟಿಗೆ' ಎಂದು ಬರೆದೆ, ಅಲ್ಲಿಯೇ ಮುಗ್ಗರಿಸಿದೆ. ಮೊದಲ ಪದದಲ್ಲೇ ಒತ್ತಕ್ಷರ. ಟಕಾರವನ್ನೇ ಇನ್ನೂ ಕಾಣದವರಿಗೆ ಅದರ ಕಾಲಡಿಯಲ್ಲಿ ಇನ್ನೊಂದು ಟಕಾರ ಏಕೆ ಕುಳಿತಿದೆ ಎಂದು ವಿವರಿಸುವುದರಲ್ಲಿ ಗಂಟೆ ಕಳೆಯಿತು. ಫ್ರೇರೆ ಆರಿಸಿದ್ದು ಅವರ ಭಾಷೆಯಲ್ಲಿ ಸುಲಭವಾಗಿ ಬಿಡಿಬಿಡಿಯಾಗುವ ಪದ. ನಾನು ಅರ್ಥವನ್ನು ಅನುವಾದಿಸಿಕೊಂಡು ಅಕ್ಷರವನ್ನು ಮರೆತಿದ್ದೆ.

ಮುಂದಿನ ವಾರ ತರಗತಿಯವರನ್ನೇ ಕೇಳಿದೆ: ಮನೆಯಲ್ಲಿ ದಿನಾ ಬಾಯಿಗೆ ಬರುವ, ಆದರೆ ಬರೆಯಲು ಬಾರದ ಮಾತು ಯಾವುದು? ಒಬ್ಬರು ತಡಮಾಡದೆ 'ಸಾಲ' ಎಂದರು. ಒತ್ತಿಲ್ಲ, ಎರಡೇ ಅಕ್ಷರ. ಅದರ ಬಗ್ಗೆ ಮಾತು ಅರ್ಧ ಗಂಟೆ ನಡೆಯಿತು, ನಿಲ್ಲಿಸುವುದೇ ಕಷ್ಟವಾಯಿತು. ಆಮೇಲೆ ಸಕಾರ, ಲಕಾರಗಳ ಕಾಗುಣಿತವನ್ನು ಹಲಗೆಯ ಎರಡು ಕಡೆ ಬರೆದು, ಕೂಡಿಸಿ ಪದ ಕಟ್ಟಿ ಎಂದೆ. ಸಲ, ಸಾಲು, ಸೆಲೆ ಬಂದವು. "ಸೋಲು" ಎಂದು ಒಬ್ಬರು ಎದ್ದು ತೋರಿಸಿದಾಗ "ಸಾಲದ ಪಕ್ಕದಲ್ಲೇ ಇರುತ್ತದೆ, ಹುಡುಕಬೇಕೇ?" ಎಂದು ಇನ್ನೊಬ್ಬರು ನಗಿಸಿದರು. ಅಷ್ಟು ಹೊತ್ತು ಸುಮ್ಮನಿದ್ದ ಹಿಂದಿನ ಸಾಲಿನ ಮಹಿಳೆ ಎರಡು ಕಡೆಗೂ ಬೆರಳಿಟ್ಟು ಲಕಾರವನ್ನು ಮುಂದಕ್ಕೆ ತಂದು "ಲೇಸು" ಎಂದರು. ಯಾವ ತರಬೇತಿಯಲ್ಲೂ ನನಗೆ ಸಿಗದ ಸಂಜೆ ಅದು. ಈಗ ಇಂಥ ಪದಗಳ ಪಟ್ಟಿಯೊಂದು ನನ್ನಲ್ಲಿದೆ: ಮನೆ, ಕೂಲಿ, ನೀರು, ಮಗಳು. ಆರಿಸುವ ನಿಯಮ ಎರಡೇ. ಒತ್ತು ಇರಬಾರದು, ಮಾತು ಹುಟ್ಟಬೇಕು.

ನೆನಪಿನ ವಿಷಯದಲ್ಲಿ ಸಿಕ್ಕ ಒಳ್ಳೆಯ ಸಂಗತಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರದು, 2006ರದು. ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಓದದೆ ನೆನಪಿನಿಂದ ಹೊರತೆಗೆದು ಬರೆದವರು ವಾರದ ನಂತರ ಮುಂದಿದ್ದರು. ಅದು ಕಾಲೇಜು ವಿದ್ಯಾರ್ಥಿಗಳ ಮೇಲಿನ ಪ್ರಯೋಗ, ನನ್ನವರು ಬೇರೆ. ಆದರೂ ತರಗತಿಯ ಆರಂಭದಲ್ಲಿ ಐದು ನಿಮಿಷ ಪುಸ್ತಕ ಮುಚ್ಚಿಸಿ, ಕಳೆದ ಸಲದ ಮೂರು ಪದ ಬರೆಸಲು ತೊಡಗಿದೆ. 'ಪರೀಕ್ಷೆ' ಎಂದು ಬಾಯಿತಪ್ಪಿ ಹೇಳಿದ್ದಕ್ಕೆ ಮರುದಿನ ಇಬ್ಬರು ಬರಲಿಲ್ಲ. ಬಾಲ್ಯದಲ್ಲಿ ಶಾಲೆ ಬಿಟ್ಟವರಿಗೆ ಆ ಪದ ಏನೆಂದು ನಾನು ತಿಳಿದಿರಬೇಕಿತ್ತು. ಈಗ ಅವರೇ ನನ್ನನ್ನು ಕೇಳುತ್ತಾರೆ. ನಾನು ಹಲಗೆಯ ಮೇಲೆ ಬರೆಯುತ್ತೇನೆ, ಬೇಕೆಂದೇ ಒಂದನ್ನು ತಪ್ಪಾಗಿ ಬರೆಯುತ್ತೇನೆ, ಅವರು ಹಿಡಿಯಬೇಕು. ಹಿಡಿಯಬೇಕಾದರೆ ನೆನಪಿಸಿಕೊಳ್ಳಲೇಬೇಕು.

ದೊಡ್ಡ ವರದಿಗಳನ್ನು ಈಗ ಓದುವ ರೀತಿಯೇ ಬೇರೆ. ಹ್ಯಾಂಬರ್ಗ್‌ನಲ್ಲಿರುವ ಯುನೆಸ್ಕೋದ ಜೀವನಪರ್ಯಂತ ಕಲಿಕೆಯ ಸಂಸ್ಥೆಯ ಜಾಗತಿಕ ವರದಿ, 2022ರ ಜೂನ್‌ನಲ್ಲಿ ಮೊರಾಕೊದ ಮರಾಕೇಶ್‌ನಲ್ಲಿ ನಡೆದ ವಯಸ್ಕರ ಶಿಕ್ಷಣದ ಸಮ್ಮೇಳನ ಒಪ್ಪಿದ ದಾಖಲೆ, ಇವೆಲ್ಲ ಅನುದಾನಕ್ಕೆ ಅರ್ಜಿ ಬರೆಯುವ ದಿನ ಬೇಕು, ನಾಳೆಯ ಪಾಠಕ್ಕಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) ನಡೆಸುವ ವಯಸ್ಕರ ಕೌಶಲ ಸಮೀಕ್ಷೆಯ ಅಂಕಿಅಂಶಗಳಿಗಿಂತ ಅದರ ಮಾದರಿ ಪ್ರಶ್ನೆಗಳು ನನಗೆ ಹೆಚ್ಚು ಕೊಟ್ಟವು. ಶಿಶುವಿಹಾರದ ನಿಯಮಗಳ ಒಂದು ಪಟ್ಟಿ ಕೊಟ್ಟು, ಮಗುವನ್ನು ತಡವೆಂದರೆ ಎಷ್ಟು ಗಂಟೆಗೆ ತಂದು ಬಿಡಬಹುದು ಎಂದು ಅಲ್ಲಿ ಕೇಳುತ್ತಾರೆ. ಗಟ್ಟಿಯಾಗಿ ಓದಿಸುವುದಿಲ್ಲ, ಹುಡುಕಿಸುತ್ತಾರೆ. ಅಂದಿನಿಂದ ನಾನೂ ಔಷಧದ ಪಟ್ಟಿ, ಬ್ಯಾಂಕಿನ ಚೀಟಿ ತರಿಸಿ ಹುಡುಕಿಸುತ್ತೇನೆ. ಆಗಲೇ ಗೊತ್ತಾದದ್ದು, ಇಬ್ಬರಿಗೆ ಅಕ್ಷರ ಬರದಿರಲು ಕಾರಣ ಮತಿಯಲ್ಲ, ನಲವತ್ತರ ನಂತರ ಬರುವ ಚಾಳೀಸು. ಕನ್ನಡಕ ಬಂದ ಮೇಲೆ ಅವರು ನನ್ನನ್ನೇ ಓಡಿಸಿದರು.

ಪಾಠದ ಸಾಮಗ್ರಿ ಹಂಚಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಉಚಿತವಾಗಿ ಸಿಗುವುದೆಲ್ಲ ಮುಕ್ತವಲ್ಲ. ಬರೆದವರು ತಮ್ಮ ಕೃತಿಯನ್ನು ಇತರರು ಹೇಗೆ ಬಳಸಬಹುದೆಂದು ಮೊದಲೇ ತಿಳಿಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ 'ಎನ್‌ಡಿ' (ನೋ ಡೆರಿವೇಟಿವ್ಸ್) ಎಂದಿದ್ದರೆ ಬದಲಿಸಿದ ರೂಪವನ್ನು ಹಂಚುವಂತಿಲ್ಲ, ಅನುವಾದವೂ ಬದಲಾವಣೆಯೇ. ಇದು ತಿಳಿಯದೆ ನಾನು ಅನುವಾದಿಸಿ ಹಂಚಿದ ಕೈಪಿಡಿಯೊಂದನ್ನು ಹಿಂದಕ್ಕೆ ಪಡೆಯಬೇಕಾಯಿತು.

ಎರಡು ವಾರಕ್ಕೊಮ್ಮೆ ನಾವು ಮೂವರು ಶಿಕ್ಷಕರು ಸೇರುತ್ತೇವೆ. ಓದಿದ್ದನ್ನು ಹೇಳುವಂತಿಲ್ಲ, ಮಾಡಿದ್ದನ್ನು ಮಾತ್ರ ಹೇಳಬೇಕೆಂಬುದು ಕಟ್ಟಳೆ. ಮಾಡದೆ ಬಂದವರು ಸುಮ್ಮನೆ ಕೇಳಬೇಕು. ಕಳೆದ ಸಲ ಸುಮ್ಮನಿದ್ದವನು ನಾನು. ಈ ಸಲಕ್ಕೆ ಒಂದು ಸಿಕ್ಕಿದೆ. ಮೊಬೈಲಿನಲ್ಲಿ ಮಾತನ್ನೇ ಧ್ವನಿಮುದ್ರಿಸಿ ಕಳುಹಿಸಬಹುದಾದ ಕಾಲದಲ್ಲಿ ಬರೆಯುವುದು ಏಕೆ ಬೇಕು ಎಂದು ತರಗತಿಯಲ್ಲಿ ಕೇಳಿದ್ದೆ. 'ಲೇಸು' ಕಟ್ಟಿದ ಮಹಿಳೆಯೇ ಉತ್ತರಿಸಿದರು: "ಧ್ವನಿ ಹಾಕಿದರೆ ಮನೆಮಂದಿಗೆಲ್ಲ ಕೇಳಿಸುತ್ತದೆ ಮೇಷ್ಟ್ರೇ. ನನ್ನ ಮಗಳಿಗೆ ಮಾತ್ರ ಹೇಳಬೇಕಾದದ್ದು ಇರುತ್ತದೆ." ಬುಧವಾರದಿಂದ ಮೊಬೈಲಿನಲ್ಲಿ ಮೂರು ಸಾಲಿನ ಸಂದೇಶ ಬರೆಯುವ ಪಾಠ ಆರಂಭಿಸಿದ್ದೇನೆ. ಯಾರಿಗೆ, ಏನು ಬರೆದರೆಂದು ನಾನು ನೋಡುವುದಿಲ್ಲ. ಹಾಗಾದರೆ ತಪ್ಪು ತಿದ್ದುವುದು ಹೇಗೆ ಎಂಬುದನ್ನು ಆ ಇಬ್ಬರನ್ನು ಕೇಳಬೇಕಾಗಿದೆ.