ಬ್ಯಾಟರಿ ಬಿಟ್ಟ ಮೇಲೆ ನಡೆದ ಬೇಳೆ ಗಿರಣಿ

ಬ್ಯಾಟರಿ ಇಲ್ಲದೆ ಬರೀ ಬಿಸಿಲಿನ ಮೇಲೆ ಬೇಳೆ ಗಿರಣಿ ನಡೆಯುವುದಿಲ್ಲ ಎಂದು ಹೇಳದವರೇ ನಮ್ಮ ಕಡೆ ಇರಲಿಲ್ಲ. ಪ್ಯಾನೆಲ್ ಮಾರುವವರು ಹೇಳಿದರು, ಗಂಜ್‌ನ, ಅಂದರೆ ಕಾಳಿನ ಮಾರುಕಟ್ಟೆಯ, ಅಡತಿಯವರು (ದಲ್ಲಾಳಿಗಳು) ಹೇಳಿದರು, ಬ್ಯಾಂಕಿನ ಸಾಹೇಬರು ನಮ್ಮ ಕಡತ ಮುಚ್ಚಿಟ್ಟು ಹೇಳಿದರು. ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ನಮ್ಮ ಊರಿನಲ್ಲಿ ಈಗ ಜನವರಿಯಿಂದ ಮೇ ತನಕ ದಿನಕ್ಕೆ ನಾಲ್ಕೈದು ಕ್ವಿಂಟಲ್ ತೊಗರಿ ಒಡೆಯುತ್ತೇವೆ. ಗಿರಣಿಗೆ ಕಂಬದಿಂದ ಒಂದು ಯೂನಿಟ್ ಪಡೆದಿಲ್ಲ, ಒಂದು ಲೀಟರ್ ಡೀಸೆಲ್ ಸುಟ್ಟಿಲ್ಲ. ಫೋನ್ ಮಾಡಿ ಕೇಳುವವರು ಹೆಚ್ಚಾಗಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಸಂಘದಲ್ಲಿ ಹದಿನೈದು ಹೆಣ್ಣುಮಕ್ಕಳು. ಎಲ್ಲರ ಹೊಲದಲ್ಲೂ ತೊಗರಿಯೇ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಆದರೆ ಕಾಳು ಗಂಜ್‌ಗೆ ಹೋಗುತ್ತಿತ್ತು, ಬೇಳೆ ಪ್ಯಾಕೆಟ್ಟಿನಲ್ಲಿ ನಮ್ಮೂರ ಅಂಗಡಿಗೇ ಹೆಚ್ಚುಕಡಿಮೆ ಎರಡರಷ್ಟು ಬೆಲೆಗೆ ಬರುತ್ತಿತ್ತು. 2022–23ರಲ್ಲಿ ನೆಟೆ ರೋಗ ಬಂದು ಹೊಲಗಳು ನಿಂತಲ್ಲೇ ಒಣಗಿದವು. ಉಳಿದ ನಾಲ್ಕು ಚೀಲವನ್ನಾದರೂ ಬೇಳೆ ಮಾಡಿ ಮಾರೋಣ ಎಂಬ ಮಾತು ಆಗ ಹುಟ್ಟಿತು. ಊರಿನಲ್ಲಿ ತ್ರೀಫೇಸ್ ಬರುವುದು ಪಂಪ್‌ಸೆಟ್ಟಿಗೆಂದು, ದಿನಕ್ಕೆ ಏಳು ತಾಸು. ಅದರಲ್ಲಿ ಅರ್ಧ ರಾತ್ರಿ. ಗಿರಣಿಗೆ ಬೇರೆ ಲೈನ್ ಎಳೆಸುವ ಅಂದಾಜು ಪಟ್ಟಿ ನೋಡಿಯೇ ಸೌರಶಕ್ತಿಯ ಕಡೆ ತಿರುಗಿದೆವು.

ಮೊದಲ ವರ್ಷ ಪಟ್ಟಣದ ಒಬ್ಬ ಡೀಲರ್ ಬ್ಯಾಟರಿ, ಇನ್ವರ್ಟರ್ ಸೇರಿಸಿಯೇ ಕೊಡುವುದಾಗಿ ಪಟ್ಟು ಹಿಡಿದರು. ಲೆಡ್ ಆಸಿಡ್ ಬ್ಯಾಟರಿಗಳಿಗೇ ಒಂದು ಲಕ್ಷದ ಮೇಲೆ ಬಿತ್ತು. ಮೂರು ಎಚ್.ಪಿ. ಮೋಟರ್ ಎದ್ದೇಳುವಾಗ ನಡೆಯುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಇನ್ವರ್ಟರ್ ಪ್ರತಿ ಸಲ ಟ್ರಿಪ್ ಆಗುತ್ತಿತ್ತು. ಅದಕ್ಕಿಂತ ದೊಡ್ಡ ಇನ್ವರ್ಟರ್ ತರಿಸಿದರು. ಅದು ತಡೆಯಿತು, ಬ್ಯಾಟರಿ ತಡೆಯಲಿಲ್ಲ. ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನೊಳಗೆ ಕೈ ಇಟ್ಟರೆ ಸುಡುವ ಬಿಸಿ. ಬ್ಯಾಟರಿಗೆ ನೀರು ಹಾಕಿದಷ್ಟೂ ಆರುತ್ತಿತ್ತು. ಎರಡನೆಯ ಹಂಗಾಮು ಬರುವ ಹೊತ್ತಿಗೆ ಅರ್ಧ ತಾಸು ಗಿರಣಿ ನಡೆಸುವ ಕಸುವೂ ಉಳಿದಿರಲಿಲ್ಲ. ಗುಜರಿಯವನು ಮೂವತ್ತು ಸಾವಿರದ ಆಸುಪಾಸು ಕೊಟ್ಟ. ಉಳಿದದ್ದು ಸಂಘದ ಉಳಿತಾಯದ ಹಣ, ಹೋಯಿತು. ಆ ಸಂಜೆಯ ಸಭೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು.

ದಾರಿ ತೋರಿದ್ದು ಐ.ಟಿ.ಐ. ಓದಿದ ನನ್ನ ಮೈದುನ. “ವೈನಿ, ಬಾವಿಯ ಪಂಪು ಬ್ಯಾಟರಿ ಇಲ್ಲದೆ ನಡೆಯುತ್ತದಲ್ಲ, ಗಿರಣಿಯ ಮೋಟರ್ ಬೇರೆಯೇನು?” ಎಂದ. ಬೇರೆಯೇ, ಅದು ಆಮೇಲೆ ಗೊತ್ತಾಯಿತು. ಮೋಡ ಬಂದರೆ ಪಂಪು ನೀರು ಕಡಿಮೆ ಎತ್ತುತ್ತದೆ, ಅಷ್ಟೆ. ಗಿರಣಿಯ ರೋಲರ್ ನಿಧಾನವಾದರೆ ಸಿಪ್ಪೆ ಬಿಡುವುದಿಲ್ಲ, ಕಾಳು ಒಳಗೇ ಸಿಕ್ಕಿ ಬೆಲ್ಟ್ ಜಾರುತ್ತದೆ. ಸೋಲಾರ್ ಪಂಪಿನ ಕಂಟ್ರೋಲರ್ (ಬಿಸಿಲಿಗೆ ತಕ್ಕಂತೆ ಮೋಟರ್‌ನ ವೇಗ ಹೊಂದಿಸುವ ಪೆಟ್ಟಿಗೆ) ತಂದು, ಕಡಿಮೆ ವೋಲ್ಟೇಜಿಗೂ ನಡೆಯುವಂತೆ ಮೋಟರ್‌ನ ಕನೆಕ್ಷನ್ ಸ್ಟಾರ್‌ನಿಂದ ಡೆಲ್ಟಾಕ್ಕೆ ಬದಲಿಸಿ ನಡೆಸಿದೆವು. ಪ್ಯಾನೆಲ್ ಎಲ್ಲವೂ ದಕ್ಷಿಣಕ್ಕೆ ಮುಖ ಮಾಡಿದ್ದವು. ಹತ್ತು ಗಂಟೆಯಿಂದ ಎರಡೂವರೆ ತನಕ ಚೆನ್ನಾಗಿ ನಡೆಯಿತು, ಆಚೀಚೆ ಕೆಟ್ಟ ಬೇಳೆ. ರಿಕವರಿ, ಅಂದರೆ ಸಿಗುವ ಬೇಳೆ, ಕ್ವಿಂಟಲ್ ಕಾಳಿಗೆ 62–63 ಕೆ.ಜಿ.

ಪ್ಯಾನೆಲ್ ಎರಡು ಪಾಲು ಮಾಡಿ ಒಂದನ್ನು ಮೂಡಣಕ್ಕೆ, ಒಂದನ್ನು ಪಡುವಣಕ್ಕೆ ಮುಖ ಮಾಡಿದ್ದೇ ನಮ್ಮನ್ನು ಗೆಲ್ಲಿಸಿತು. ಎರಡೂ ಸ್ಟ್ರಿಂಗ್‌ನಲ್ಲಿ (ಒಂದಕ್ಕೊಂದು ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ ಗುಂಪು) ಪ್ಯಾನೆಲ್ ಎಣಿಕೆ ಸಮ ಇರಬೇಕು, ಪ್ಯಾರಲಲ್ ಸೇರಿಸಬೇಕು. ಮೋಟರ್ 2.2 ಕಿಲೋವ್ಯಾಟ್; ಪ್ಯಾನೆಲ್ ಒಟ್ಟು ಸುಮಾರು ಆರು ಕಿಲೋವ್ಯಾಟ್. “ಇಷ್ಟೇಕೆ ದಂಡ?” ಎಂದು ಫಿಟ್ಟರ್ ನಕ್ಕ. ದಂಡವಲ್ಲ. ಬ್ಯಾಟರಿಗೆ ಸುರಿದ ಹಣದಲ್ಲಿ ಹೆಚ್ಚಿನ ಪ್ಯಾನೆಲ್ಲೇ ಬರುತ್ತವೆ, ಅವು ಇಪ್ಪತ್ತು ವರ್ಷ ಬಾಳುತ್ತವೆ. ಈಗ ಎಂಟೂವರೆಗೆ ರೋಲರ್ ಪೂರ್ತಿ ವೇಗ ಹಿಡಿಯುತ್ತದೆ, ನಾಲ್ಕರ ತನಕ ಬಿಡುವುದಿಲ್ಲ. ತೆಳು ಮೋಡ ಹಾದುಹೋದರೂ ಲೆಕ್ಕಕ್ಕಿಲ್ಲ. ಕಾಳು ಸುರಿಯುವ ಹಾಪರ್‌ನ ಬಾಗಿಲು ಮುಚ್ಚಿ ಖಾಲಿ ರೋಲರ್ ಎಬ್ಬಿಸಿ, ವೇಗ ಹಿಡಿದ ಮೇಲೆ ಕಾಳು ಬಿಡುವುದು. ಹೊಟ್ಟು ಹಾರಿಸುವ ಬ್ಲೋವರ್‌ನ ಮೋಟರ್ ಬೇರೆ, ಅದನ್ನು ಆಮೇಲೆ ಎಬ್ಬಿಸುವುದು. ನಮ್ಮ ತೊಗರಿಯ ರಾಶಿ ಮುಗಿಯುವುದೂ ಆಕಾಶ ತಿಳಿಯಾಗಿರುವುದೂ ಒಂದೇ ಕಾಲಕ್ಕೆ ಎಂಬುದು ನಮಗೆ ಬಂದ ದೊಡ್ಡ ಅನುಕೂಲ.

ಮೇ ತಿಂಗಳಲ್ಲಿ ಮತ್ತೊಂದು ತೊಂದರೆ. ಬಿಸಿಲು 42–43 ಡಿಗ್ರಿ, ಮೋಟರ್ ಮಾತ್ರ ಸೊರಗುತ್ತಿತ್ತು. ಬಿಸಿ ಏರಿದಂತೆ ಪ್ಯಾನೆಲ್‌ನ ವೋಲ್ಟೇಜ್ ಇಳಿಯುತ್ತದೆ. ಸ್ಟ್ರಿಂಗ್‌ಗೆ ಎಂಟಿದ್ದದ್ದನ್ನು ಒಂಬತ್ತು ಮಾಡಿದೆವು, ಸರಿಹೋಯಿತು. ಹಾಗೆ ಏರಿಸುವಾಗ ಚಳಿಗಾಲದ ಬೆಳಗಿನ ವೋಲ್ಟೇಜು ಕಂಟ್ರೋಲರ್‌ನ ಮಿತಿ ದಾಟದಂತೆ ನೋಡಿಕೊಳ್ಳಿ. ಧೂಳಿನದು ಇನ್ನೊಂದು ಕಥೆ. ಸುಣ್ಣದ ಕಲ್ಲಿನ ಲಾರಿಗಳು ಓಡುವ ರಸ್ತೆ ನಮ್ಮದು, ಜೊತೆಗೆ ನಮ್ಮದೇ ಬ್ಲೋವರ್‌ನ ಹೊಟ್ಟು. ಬ್ಲೋವರ್ ಬಾಯಿಗೆ ಬಟ್ಟೆಯ ಚೀಲ ಕಟ್ಟಿದ್ದೇವೆ, ಸೂರ್ಯ ಹುಟ್ಟುವ ಮೊದಲೇ ಪ್ಯಾನೆಲ್ ತೊಳೆಯುತ್ತೇವೆ.

ಇನ್ನು ಕಾಳಿನ ಸಂಗತಿ. ಟಿಎಸ್-3ಆರ್ ಮತ್ತು ಜಿಆರ್‌ಜಿ-811 ಎರಡು ತೊಗರಿ ತಳಿಗಳನ್ನು ಎಂದಿಗೂ ಬೆರೆಸುವುದಿಲ್ಲ. ಕಾಳಿನ ಗಾತ್ರ ಬೇರೆಯಾದರೆ ಒಂದು ನುಚ್ಚಾಗುತ್ತದೆ, ಇನ್ನೊಂದು ಸಿಪ್ಪೆ ಉಳಿಸಿಕೊಳ್ಳುತ್ತದೆ. ಎಮರಿ (ಒರಟು ಲೇಪದ) ರೋಲರ್‌ನಲ್ಲಿ ಒಮ್ಮೆ ಗೀರು ಹಾಕಿಸಿ, ಎಣ್ಣೆ ಸವರಿ, ರಾತ್ರಿ ರಾಶಿ ಹಾಕಿ ಮುಚ್ಚಿ, ನೀರು ಚಿಮುಕಿಸಿ ಒಣಗಿಸುತ್ತೇವೆ. ಎಣ್ಣೆಯ ಅಳತೆ, ಮುಚ್ಚಿಡುವ ಹೊತ್ತು ಇವೆರಡನ್ನು ಬರೆಯುವುದಿಲ್ಲ. ಅದು ಸಂಘದ ಗಳಿಕೆ, ನಮ್ಮ ಅತ್ತೆಯವರು ಬೀಸುಕಲ್ಲಿನ ಕಾಲದಿಂದ ಬಲ್ಲದ್ದರಿಂದ ಬಂದದ್ದು. ಒಣಗಿಸಲು ಪಾಲಿಕಾರ್ಬೊನೇಟ್ ಹಾಳೆಯ ಸೋಲಾರ್ ಡ್ರೈಯರ್ ಮಾಡಿಸಿದ್ದೆವು. ಒಳಗೆ ಬಿಸಿ ಅರವತ್ತು ದಾಟಿ ಕಾಳು ಸಿಡಿಯಿತು. ಶಹಾಬಾದ್ ಕಲ್ಲಿನ ಫರಸಿ ಹಾಸಿದ ಅಂಗಳವೇ ಮೇಲು, ಸಂಜೆಯ ತನಕ ಕೆಳಗಿನಿಂದ ಹದವಾದ ಶಾಖ ಕೊಡುತ್ತದೆ. ಆ ಡ್ರೈಯರ್‌ನಲ್ಲಿ ಈಗ ಶಾವಿಗೆ, ಸಂಡಿಗೆ, ಕಡಕ್ ರೊಟ್ಟಿ ಒಣಗಿಸುತ್ತೇವೆ. ರೊಟ್ಟಿ ಧೂಳಿಲ್ಲದೆ ಒಣಗಿ ತಿಂಗಳು ಇಟ್ಟರೂ ಗರಿಗರಿ ಇರುತ್ತದೆ. ಪುಣೆಯಲ್ಲಿರುವ ನಮ್ಮೂರ ಹುಡುಗರು ಬಸ್ಸಿನಲ್ಲಿ ತರಿಸಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಅದೇ ಮೋಟರ್‌ಗೆ ಬೆಲ್ಟ್ ಬದಲಿಸಿ ಜೋಳ ಬೀಸುವ ಕೆಲಸವನ್ನೂ ಶುರು ಮಾಡಿದ್ದೇವೆ. ಆ ದಿನಗಳಲ್ಲಿ ಮೂರು ತಾಸು ಸಿಕ್ಕರೆ ಪುಣ್ಯ.

ರಿಕವರಿ ಈಗ 72ರ ಆಸುಪಾಸು, ಒಳ್ಳೆಯ ಕಾಳಿಗೆ 73 ಸಹ ಬಂದಿದೆ. 2024–25ರ ಹಂಗಾಮಿನಲ್ಲಿ ಕ್ವಿಂಟಲ್ ಕಾಳಿಗೆ 7,500ರಂತೆ ನಮ್ಮ ಸದಸ್ಯರಿಗೇ ಕೊಟ್ಟೆವು. ಆ ವರ್ಷದ ಬೆಂಬಲ ಬೆಲೆ 7,550 ಇತ್ತು. ಪಾಲಿಶ್ ಮಾಡದ ಬೇಳೆಯನ್ನು ಕೆ.ಜಿ.ಗೆ 140ರಂತೆ ಮಾರಿದೆವು, ಚುನ್ನಿ (ಬೇಳೆಯ ನುಚ್ಚು ಪುಡಿ) ಮತ್ತು ಹೊಟ್ಟಿಗೆ ಕ್ವಿಂಟಲ್ ಕಾಳಿಗೆ ನಾಲ್ಕು ನೂರು ಬಂತು. ಆರಿಸುವ ಕೂಲಿ, ಚೀಲ, ಸಾಗಾಟ ಕಳೆದು ಕ್ವಿಂಟಲ್‌ಗೆ 1,900ರಿಂದ 2,000 ಉಳಿಯಿತು. ಈ ಲೆಕ್ಕವನ್ನು ಗಂಜ್‌ನಲ್ಲಿ ನಮ್ಮನ್ನು ನೋಡಿ ತಲೆಯಾಡಿಸಿದ್ದ ಅಡತಿಯವರ ಮುಂದೆ ಇಟ್ಟಿದ್ದೇನೆ. ಅವರೇ ಈಗ ತಮ್ಮ ಮನೆಗೆ ನಮ್ಮ ಬೇಳೆ ಒಯ್ಯುತ್ತಾರೆ.

ಬ್ಯಾಟರಿಯ ನಷ್ಟ ಬಿಟ್ಟು ಹಾಕಿದ ಬಂಡವಾಳ ಐದು ಲಕ್ಷದಷ್ಟು. ಗಿರಣಿಗೆ ಪಿ.ಎಂ.ಎಫ್.ಎಂ.ಇ. (ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ನೆರವಾಗುವ ಕೇಂದ್ರದ) ಯೋಜನೆಯ ಸಾಲ ಪಡೆದೆವು. ಕೇಂದ್ರದ ಶೇ 35, ರಾಜ್ಯದ ಶೇ 15 ಸೇರಿ ಆಗ ಅರ್ಧ ಸಹಾಯಧನವಿತ್ತು. ಆದರೆ ಆ ಹಣ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿದ್ದು ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಹಾಗಾಗಿ ಕಾಳು ಕೊಳ್ಳುವ ಹಣವನ್ನು ಮೊದಲೇ ಬೇರೆ ಎತ್ತಿಡಿ. ಗಿರಣಿ ಇದ್ದು ಕಾಳು ಕೊಳ್ಳಲು ಹಣವಿಲ್ಲದೆ ನಿಂತ ಸಂಘಗಳನ್ನು ನಾನು ಕಂಡಿದ್ದೇನೆ.

ನೋಡಲು ಬರುವವರು ಎಳ್ಳಮಾವಾಸ್ಯೆ ಮುಗಿದು ರಾಶಿ ಆದ ಮೇಲೆ ಬನ್ನಿ, ಬೆಳಗ್ಗೆ ಎಂಟೂವರೆಯೊಳಗೆ ಬನ್ನಿ. ಒಣಗಿಸಿದ ನಿಮ್ಮದೇ ತೊಗರಿ ಎರಡು ಚೀಲ ತಂದರೆ ನಿಮ್ಮ ಕಣ್ಣೆದುರೇ ಒಡೆದು ತೂಗಿ ಕೊಡುತ್ತೇವೆ. ಕೂಲಿ ಕೆ.ಜಿ.ಗೆ ಐದು ರೂಪಾಯಿ, ಚುನ್ನಿ ನಿಮಗೆ, ಹೊಟ್ಟು ನಮಗೆ.